ಒಂದು ಬಾಲ್ ಮುಂದೆ

ಇಷ್ಟೆಲ್ಲ ರಗಳೆಗೆ ಕಾರಣ ತಾರಸಿಯ ಮೇಲಿದ್ದ ಒಂದು ಅಲ್ಯುಮಿನಿಯಂ ಕಂಬಿ. ಎರಡಾಳು ಎತ್ತರ, ತುದಿಯಲ್ಲಿ ಮೀನಿನ ಮುಳ್ಳಿನಂತೆ ಎಡಕ್ಕೂ ಬಲಕ್ಕೂ ಚಾಚಿಕೊಂಡ ಅಡ್ಡಕಡ್ಡಿಗಳು. ಕಟ್ಟಡದ ಬೇರೆ ಮನೆಯವರೆಲ್ಲ ಇಂಥ ಆಂಟೆನಾಗಳನ್ನು ಎಂದೋ ಗುಜರಿಗೆ ಹಾಕಿ, ಇಂಟರ್ನೆಟ್ಟಿನಲ್ಲಿ ಟಿ.ವಿ. ನೋಡುವವರಾಗಿದ್ದರು. ಎರಡನೆಯ ಮಹಡಿಯ ಎಕ್ಸ್‌ರೇ ಮಾತ್ರ ತನ್ನದನ್ನು ಇಳಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವನ ಕೆಲಸ. ಹಾಗಾಗಿ ಕಟ್ಟಡದವರು ಅವನನ್ನು ಕರೆಯುತ್ತಿದ್ದದ್ದೂ ಹಾಗೆಯೇ. ದಿನವಿಡೀ ಮಬ್ಬು ಕೋಣೆಯಲ್ಲಿ ನಿಂತು, ಬಂದವರಿಗೆಲ್ಲ ಅವನು ಹೇಳುವುದು ಮೂರೇ ಮಾತು: “ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ, ಅಲ್ಲಾಡಬೇಡಿ. ಬಿಡಿ.” ಊರಿನವರ ಉಸಿರನ್ನೆಲ್ಲ ಹಿಡಿಸಿ ಬಿಡಿಸುವವನು ತನ್ನ ಉಸಿರನ್ನೂ ಎಲ್ಲಾದರೂ ಬಿಡಬೇಕಲ್ಲ. ಅದನ್ನು ಅವನು ಕ್ರಿಕೆಟ್ಟಿಗೆ ಮೀಸಲಿಟ್ಟಿದ್ದ. ನಮ್ಮವರು ಸಿಕ್ಸರ್ ಹೊಡೆದರೆ ಅವನ ಕೂಗಿಗೆ ಬೀದಿನಾಯಿಗಳು ಎದ್ದು ಜಾಗ ಬದಲಾಯಿಸುತ್ತಿದ್ದವು.

ಕೂಗಿದರೆ ಕೂಗಿಕೊಳ್ಳಲಿ, ಅದರಲ್ಲೇನು ತಪ್ಪು ಎನ್ನಬಹುದು. ತಪ್ಪಿದ್ದದ್ದು ಕೂಗಿನಲ್ಲಲ್ಲ, ಅದರ ವೇಳೆಯಲ್ಲಿ. ಆಂಟೆನಾದ ಚಿತ್ರ ಊರಾಚೆಯ ಟಿ.ವಿ. ಗೋಪುರದಿಂದ ನೆಟ್ಟಗೆ ಹಾರಿಬರುತ್ತದೆ. ಇಂಟರ್ನೆಟ್ಟಿನ ಚಿತ್ರ ಹಾಗಲ್ಲ; ಅದು ಎಲ್ಲೆಲ್ಲಿಯದೋ ಕಂಪ್ಯೂಟರುಗಳ ಮನೆಗೆ ಹೋಗಿ, ಕುಶಲ ವಿಚಾರಿಸಿಕೊಂಡು, ಮದುವೆಗೆ ಹೊರಟ ದೊಡ್ಡ ಸಂಸಾರದಂತೆ ಎಲ್ಲರೂ ಕೂಡಿಕೊಂಡ ಮೇಲೆಯೇ ಹೊರಡುತ್ತದೆ. ಎರಡರ ನಡುವಿನ ಅಂತರ ಅರ್ಧ ನಿಮಿಷ. ಕ್ರಿಕೆಟ್ಟಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಬಾಲು. ಹೀಗಾಗಿ ಮಿಕ್ಕವರ ಟಿ.ವಿ.ಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುವಾಗಲೇ ಎರಡನೆಯ ಮಹಡಿಯಿಂದ “ಔಟ್” ಎಂಬ ಆರ್ಭಟ ಕೇಳಿಬಂದು, ಆ ಬಾಲಿನ ಸ್ವಾರಸ್ಯ ಅಲ್ಲಿಗೇ ತೀರಿಹೋಗುತ್ತಿತ್ತು. ಸೆಮಿಫೈನಲ್ಲಿನಲ್ಲಿ ಇಡೀ ಕಟ್ಟಡ ಇದನ್ನು ಹಲ್ಲು ಕಚ್ಚಿ ಸಹಿಸಿಕೊಂಡಿತ್ತು.

ಈಗ ಬಂದದ್ದು ವಿಶ್ವಕಪ್ಪಿನ ಫೈನಲ್. ದೇಶ ಕಪ್ ಗೆದ್ದು ಎಷ್ಟೋ ವರ್ಷಗಳಾಗಿದ್ದವು.

ಆ ದಿನ ಬೆಳಿಗ್ಗೆ ಎಕ್ಸ್‌ರೇ ಅರ್ಧ ಮುಖದ ಗಡ್ಡ ಕೆರೆದು ಇನ್ನರ್ಧಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಬಾಗಿಲಲ್ಲಿ ಮೂವರು. ಮುಂದೆ ಮೇಷ್ಟ್ರು, ಗಣಿತ ಕಲಿಸಿ ನಿವೃತ್ತರಾದವರು, ಸರಿಯಾಗಿ ಎಕ್ಸ್‌ರೇ ಮನೆಯ ಕೆಳಗಿನ ಮನೆಯವರು, ಕಟ್ಟಡದ ಸಂಘಕ್ಕೆ ಅಧ್ಯಕ್ಷರು, ಎಲ್ಲ ಮನೆಗಳಿಗೂ ಇಂಟರ್ನೆಟ್ ಲೈನು ಎಳೆಸಿದವರು ಅವರೇ. ಅವರ ಹಿಂದೆ ನೆಲಮಹಡಿಯ ಟೈಲರ್, ಕೊರಳಲ್ಲಿ ಅಳತೆಯ ಟೇಪು. ಟೈಲರನ ತೋಳು ಹಿಡಿದುಕೊಂಡು ಮೇಷ್ಟ್ರ ಎದುರುಮನೆಯ ಅಜ್ಜಿ.

“ನೋಡಪ್ಪಾ ಎಕ್ಸ್‌ರೇ,” ಎಂದು ಮೇಷ್ಟ್ರು ಸಭೆಯನ್ನು ಆರಂಭಿಸಿದರು. “ಸೆಮಿಫೈನಲ್ ದಿನ ನೀನು ಮಾಡಿದ್ದನ್ನ ಯಾರೂ ಮರೆತಿಲ್ಲ.”

“ನಾನೇನ್ ಮಾಡ್ಲಿ ಮೇಷ್ಟ್ರೇ. ನಿಮ್ಮ ಇಂಟರ್ನೆಟ್ಟು ಒಂದು ಬಾಲ್ ಹಿಂದೆ ಬರುತ್ತೆ.”

“ನಮ್ಮದು ಹಿಂದೆ ಇಲ್ಲ. ನಿನ್ನದು ಮುಂದಿದೆ.”

ಅಳಿಯ ಅಲ್ಲ, ಮಗಳ ಗಂಡ ಎಂಬಂಥ ಈ ವಾದಕ್ಕೆ ಎಕ್ಸ್‌ರೇ ಉತ್ತರ ಹುಡುಕುತ್ತಿರುವಾಗ ಅಜ್ಜಿ ಮುಂದೆ ಬಂದಳು.

“ಮಗಾ, ನಿನ್ನ ಬಾಯಿಂದ ಕೇಳಿ ಆಮೇಲೆ ಆಟ ನೋಡೋದು ಅಂದ್ರೆ ಯಾರೋ ಅಗಿದು ಕೊಟ್ಟ ತುತ್ತು ತಿಂದ ಹಾಗೆ ಕಣೋ. ನನಗೆ ಹಲ್ಲಿಲ್ಲ ನಿಜ. ಆದ್ರೂ ಆ ತುತ್ತು ಬೇಡ.”

“ಅದಕ್ಕೇ ಹೇಳೋದು, ನಮ್ಮನೇಗೆ ಬಂದುಬಿಡು,” ಎಂದರು ಮೇಷ್ಟ್ರು. “ದೊಡ್ಡ ಪರದೆ ಇದೆ. ಎಲ್ಲರೂ ಅಲ್ಲೇ ಕೂತು ನೋಡೋಣ.”

ಎಕ್ಸ್‌ರೇ ಒಂದು ಹೆಜ್ಜೆ ಹಿಂದೆ ಸರಿದ. ಮೇಷ್ಟ್ರ ಪಕ್ಕದಲ್ಲಿ ಕೂತು ಮ್ಯಾಚು ನೋಡಿದ ಅನುಭವ ಅವನಿಗಿತ್ತು. ಚೆಂಡು ಗಾಳಿಗೆ ಚಿಮ್ಮಿದರೆ ಅದು ಯಾವ ಕೋನದಲ್ಲಿ ಏರಿತು, ಎಲ್ಲಿ ಇಳಿಯಬೇಕು ಎಂದು ಅವರು ಬೆರಳಲ್ಲಿ ಗಾಳಿಯಲ್ಲೇ ಬರೆದು ತೋರಿಸುವರು. ಅವರ ಕೈ ಇಳಿಯುವಷ್ಟರಲ್ಲಿ ಪರದೆಯ ಮೇಲೆ ಮುಂದಿನ ಬಾಲೂ ಆಗಿಹೋಗಿರುತ್ತದೆ.

“ಬೇಡ ಮೇಷ್ಟ್ರೇ. ನಾನು ನಮ್ಮನೇಲೇ ನೋಡ್ತೀನಿ. ಕೂಗಲ್ಲ.”

ಮೂವರೂ ಒಟ್ಟಿಗೆ ನಕ್ಕರು. ಒಳಗಿನಿಂದ ಬಂದ ಹೆಂಡತಿ ಗಂಡನ ಮಾನ ಉಳಿಸಿದಳು. “ನಾನು ನೋಡ್ಕೋತೀನಿ ಮೇಷ್ಟ್ರೇ. ಇವರ ಬಾಯಿಗೆ ನಾನು ಜವಾಬ್ದಾರಿ.”

“ಆಗಲಮ್ಮ, ನಿನ್ನ ಮಾತಿನ ಮೇಲೆ ಬಿಡ್ತೀವಿ. ಆದರೆ ತಾರಸಿ ಎಲ್ಲರದು. ಇವತ್ತು ಒಂದೇ ಒಂದು ಕೂಗು ಕೇಳಿದ್ರೂ ನಾಳೆ ಬೆಳಿಗ್ಗೆ ಆ ಆಂಟೆನಾ ಕೆಳಗಿಳಿಯುತ್ತೆ.”

ಎಕ್ಸ್‌ರೇ ಮುಖದ ಸೋಪಿಗಿಂತ ಬೆಳ್ಳಗಾದ. ಆ ಆಂಟೆನಾ ಅಂಗಡಿಯಿಂದ ತಂದದ್ದಲ್ಲ. ಒಂದೊಂದು ಕಡ್ಡಿಯನ್ನೂ ಅಳೆದು, ಗರಗಸದಲ್ಲಿ ಕೊಯ್ದು, ಅರದಿಂದ ಉಜ್ಜಿ, ದಿಕ್ಸೂಚಿ ಹಿಡಿದು ಗೋಪುರದ ಕಡೆಗೆ ತಿರುಗಿಸಿ ಅವನೇ ನಿಲ್ಲಿಸಿದ್ದು. ಜೋರು ಗಾಳಿ ಬೀಸಿದರೆ ತಾರಸಿಗೆ ಓಡಿಹೋಗಿ ಅದರ ತಂತಿಗಳನ್ನು ಬಿಗಿಮಾಡಿ ಬರುತ್ತಿದ್ದ. “ನನಗೆ ಜ್ವರ ಬಂದಾಗ ಒಂದು ಸಲಾನೂ ಹೀಗೆ ಎದ್ದು ಓಡಿಲ್ಲ,” ಎಂದು ಹೆಂಡತಿ ಆಗಾಗ ನೆನಪಿಸುತ್ತಿದ್ದಳು.

ಮೇಷ್ಟ್ರು, ಅಜ್ಜಿ ಇಳಿದುಹೋದರು. ಟೈಲರ್ ಮಾತ್ರ ನಿಂತೇ ಇದ್ದ.

“ಅತ್ತಿಗೆ, ನಿಮ್ಮನೆ ಪರದೆ ಕೋಲು ಕೊಡ್ತೀರಾ? ಗೆದ್ರೆ ಬೀದಿಲಿ ಹಿಡ್ಕೊಂಡು ಹೋಗೋಕೆ ಬಾವುಟ ಹೊಲಿದಿದೀನಿ. ಜೋಡಿ ಮಂಚದ ಹೊದಿಕೆಗಿಂತ ದೊಡ್ಡದು. ಬಟ್ಟೆ ರೆಡಿ, ಅದಕ್ಕೆ ತಕ್ಕ ಕೋಲೇ ಇಲ್ಲ.”

“ಪರದೆ ಎಲ್ಲಿ ನೇತುಹಾಕ್ಲಿ, ನಿಮ್ಮಣ್ಣನ ಕಿವಿಗಾ? ಮೊದಲು ಗೆಲ್ಲಲಿ ಬಿಡಪ್ಪ.”

ಮಧ್ಯಾಹ್ನ ಆಟ ಶುರುವಾಗುವ ಹೊತ್ತಿಗೆ ಎರಡನೆಯ ಮಹಡಿ ಕೋಟೆಯಾಗಿತ್ತು. ಕಿಟಕಿಗಳೆಲ್ಲ ಬಂದ್. ಎಕ್ಸ್‌ರೇ ಕುರ್ಚಿಯಲ್ಲಿ, ಅವನ ಪಕ್ಕದ ಮಣೆಯ ಮೇಲೆ ಹೆಂಡತಿ, ಅವಳ ಕೈಯಲ್ಲಿ ದಪ್ಪ ದಿಂಬು. ಅವಳು ಟಿ.ವಿ. ಕಡೆ ತಿರುಗಲೇ ಇಲ್ಲ. ಅವಳಿಗೆ ಆಟ ಗೊತ್ತಿಲ್ಲ, ಗಂಡ ಗೊತ್ತು. ಅವನ ಮುಖವನ್ನೇ ನೋಡುತ್ತ, ತುಟಿ ಬಿರಿಯುವ ಲಕ್ಷಣ ಕಂಡೊಡನೆ ದಿಂಬು ಒತ್ತುವುದು ಅವಳ ಯೋಜನೆ.

ಎದುರಾಳಿಗಳು ಮೊದಲು ಬ್ಯಾಟಿಗಿಳಿದರು. ಎಷ್ಟೋ ಹೊತ್ತಿಗೆ ಮೊದಲ ವಿಕೆಟ್ ಬಿತ್ತು. ದಿಂಬು ಸಮಯಕ್ಕೆ ಸರಿಯಾಗಿ ಬಂತು. ಕೂಗಿನ ಬದಲು, ಎಮ್ಮೆಯೊಂದು ಕೆಸರಿನಿಂದ ಕಾಲು ಕಿತ್ತಂಥ ಸದ್ದು ಹೊರಟಿತು. ಕೆಳಗಿನಿಂದ ಆಕ್ಷೇಪಣೆ ಬರಲಿಲ್ಲ. ಎಕ್ಸ್‌ರೇ ಹಿಗ್ಗಿದ.

ಎರಡನೆಯ ವಿಕೆಟ್ಟಿಗೆ ಬಾಯಿ ಸುಮ್ಮನಿತ್ತು, ಕಾಲು ಕೇಳಲಿಲ್ಲ. ಎಕ್ಸ್‌ರೇ ಕುರ್ಚಿಯಿಂದ ನೆಗೆದು ಎರಡೂ ಪಾದಗಳ ಮೇಲೆ ಧೊಪ್ಪೆಂದು ಇಳಿದ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದರು. ಮೇಷ್ಟ್ರ ತಲೆಯ ಮೇಲೆ ಸುಣ್ಣದ ಪುಡಿ ಉದುರಿ, ಉಳಿದಿದ್ದ ನಾಲ್ಕು ಕಪ್ಪು ಕೂದಲೂ ಬೆಳ್ಳಗಾಗಿದ್ದವು.

“ಏನಪ್ಪ ಇದು?”

“ನಾನು ಕೂಗಲಿಲ್ಲ ಮೇಷ್ಟ್ರೇ. ಕುಣೀಬಾರದು ಅಂತ ಬೆಳಿಗ್ಗೆ ಯಾರೂ ಹೇಳಿರಲಿಲ್ಲ.”

“ಈಗ ಹೇಳ್ತಾ ಇದೀನಿ. ಕೂಗಬಾರದು, ಕುಣೀಬಾರದು. ಇದೇ ಕೊನೇ ಎಚ್ಚರಿಕೆ.”

ಎಕ್ಸ್‌ರೇ ಕುರ್ಚಿ ಬಿಟ್ಟು ಹಾಸಿಗೆಗೆ ಬಂದ. ಮಲಗಿದವನು ಹೇಗೆ ಕುಣಿದಾನು ಎಂಬುದು ಹೆಂಡತಿಯ ತರ್ಕ. ಮೂರನೆಯ ವಿಕೆಟ್ಟಿಗೆ ಅವನ ಕಾಲು ಝಾಡಿಸಿದ್ದು ಪಕ್ಕದಲ್ಲಿಟ್ಟಿದ್ದ ನೀರಿನ ತಂಬಿಗೆಗೆ ತಗುಲಿತು. ತಂಬಿಗೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಉರುಳುತ್ತ ಹೋಗಿ, ಅಲ್ಲಿಂದ ಏನೋ ಮರೆತು ಬಂದಂತೆ ಮತ್ತೆ ವಾಪಸು ಬಂತು. ಗಂಡ ಹೆಂಡತಿ ಇಬ್ಬರೂ ಬಾಗಿಲ ಕಡೆ ನೋಡಿದರು. ಈ ಸಲ ಯಾರೂ ಬರಲಿಲ್ಲ.

ಎದುರಾಳಿಗಳು ಬೆಟ್ಟದಷ್ಟು ರನ್ ಪೇರಿಸಿ ಇನ್ನಿಂಗ್ಸ್ ಮುಗಿಸಿದರು. ನಡುವಿನ ಬಿಡುವಿನಲ್ಲಿ ಅಜ್ಜಿ ಒಬ್ಬಳೇ ಗೋಡೆ ಹಿಡಿದುಕೊಂಡು ಬಂದಳು. ಮಂಚದ ಅಂಚಿನಲ್ಲಿ ಕೂತು ಎಕ್ಸ್‌ರೇಯ ಕೈ ಹಿಡಿದುಕೊಂಡಳು.

“ಮೇಷ್ಟ್ರ ಹಾಗೆ ಗದರೋಕೆ ಬಂದಿಲ್ಲ ಮಗಾ. ನಮ್ಮ ಯಜಮಾನ್ರು ಇದ್ದಾಗ ಇಬ್ರೂ ರೇಡಿಯೋಗೆ ಕಿವಿ ಕೊಟ್ಟು ಕೂತಿರ್ತಿದ್ವಿ. ನಾವು ಕಪ್ ಗೆಲ್ಲೋದನ್ನ ಒಂದು ಸಲ ಕಣ್ಣಾರೆ ನೋಡ್ತೀನಿ ಅಂತಿದ್ರು, ನೋಡಲಿಲ್ಲ. ನಾನಾದ್ರೂ ನೋಡ್ಬೇಕು. ನೀನು ನಡುವೆ ಎಷ್ಟು ಬೇಕಾದ್ರೂ ತಂಬಿಗೆ ಉರುಳಿಸ್ಕೋ. ಗೆಲ್ಲೋದಾದ್ರೆ, ಆ ಕೊನೇ ಬಾಲ್ ಒಂದನ್ನ ಮಾತ್ರ ನನ್ನ ಕಣ್ಣಿಗೆ ಬಿಡು.”

ಎಕ್ಸ್‌ರೇ ತಲೆಯಾಡಿಸಿದ. “ಆಗಲಜ್ಜಿ,” ಎಂದ.

ನಮ್ಮವರ ಸರದಿ ಬಂತು. ಮುಂದಿನ ಮೂರು ತಾಸು ಎಕ್ಸ್‌ರೇ ಪಟ್ಟ ಪಾಡು ಬಾಣಂತಿಗೂ ಬೇಡ. ಬೌಂಡರಿ ಬಿದ್ದರೆ ಮಂಚ ಕಿರುಗುಟ್ಟಿತು. ಸಿಕ್ಸರಿಗೆ ಅವನು ತೊಡೆ ತಟ್ಟಿಕೊಂಡ. ಎರಡನೆಯ ಸಿಕ್ಸರಿಗೆ ಗುರಿ ತಪ್ಪಿ ಹೆಂಡತಿಯ ತೊಡೆ ತಟ್ಟಿದ. ಅವಳು “ಅಯ್ಯೋ” ಎಂದದ್ದು ಅವನ ಕೂಗಿಗಿಂತ ಜೋರಾಗಿತ್ತು. ನಮ್ಮವರ ವಿಕೆಟ್ ಬಿದ್ದಾಗ ಮಾತ್ರ ಅವನು ಗಾಳಿ ಹೋದ ಟೈರಿನಂತೆ ಸದ್ದಿಲ್ಲದೆ ಕುಸಿದು ಮಲಗುತ್ತಿದ್ದ.

ಆಶ್ಚರ್ಯವೆಂದರೆ, ಇಷ್ಟೆಲ್ಲ ಸದ್ದಾದರೂ ಕೆಳಗಿನಿಂದ ಯಾರೂ ಬರಲಿಲ್ಲ. ಅಷ್ಟೇ ಅಲ್ಲ, ಮೇಷ್ಟ್ರ ಮನೆಯ ಟಿ.ವಿ.ಯ ಗದ್ದಲವೂ ನಿಂತುಹೋಗಿತ್ತು.

“ಕೆಳಗೆ ಸದ್ದೇ ಇಲ್ವಲ್ಲ,” ಎಂದಳು ಹೆಂಡತಿ.

“ಪಾಪ, ಮೇಷ್ಟ್ರಿಗೆ ಬಿ.ಪಿ. ಏರಿರ್ಬೇಕು. ಸೌಂಡು ತೆಗೆದಿದಾರೆ,” ಎಂದ ಎಕ್ಸ್‌ರೇ.

ಆಟ ಹಗ್ಗದ ಮೇಲಿನ ನಡಿಗೆಯಾಯಿತು. ಒಂಬತ್ತು ವಿಕೆಟ್ ಹೋದವು. ಕೊನೆಯ ಓವರು, ಅದರಲ್ಲೂ ಕೊನೆಯ ಬಾಲು ಉಳಿಯಿತು. ಬೇಕಾದದ್ದು ನಾಲ್ಕು ರನ್. ಮೂರು ಓಡಿದರೆ ಸಮ ಎನ್ನಬಹುದಿತ್ತು, ಆದರೆ ಬ್ಯಾಟು ಹಿಡಿದು ನಿಂತಿದ್ದವನು ತಂಡದ ಹನ್ನೊಂದನೆಯವನು, ಬೌಲಿಂಗಿಗೆಂದು ಬಂದವನು. ಅವನು ಬ್ಯಾಟು ಹಿಡಿದರೆ ಮಳೆ ನಿಂತ ಮೇಲೆ ಕೊಡೆ ಹಿಡಿದು ನಿಂತವನಂತೆ ಕಾಣುತ್ತಿದ್ದ. ಸಾಲದ್ದಕ್ಕೆ ಕಾಲು ಉಳುಕಿಸಿಕೊಂಡು ಕುಂಟುತ್ತಿದ್ದ. ಅವನಿಂದ ಮೂರು ರನ್ ಓಡುವುದು ಸಾಧ್ಯವಿರಲಿಲ್ಲ. ಚೆಂಡು ಗೆರೆ ದಾಟಬೇಕು, ಇಲ್ಲದಿದ್ದರೆ ಸೋಲು. ನಡುವೆ ಏನೂ ಇಲ್ಲ.

ಎಕ್ಸ್‌ರೇ ಹಾಸಿಗೆಯಿಂದ ಎದ್ದು ಕೂತ. ಹೆಂಡತಿ ದಿಂಬು ಎತ್ತಿದಳು. ಅವನು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

“ಬೇಡ ಕಣೇ. ಇದು ಅಜ್ಜಿದು.”

ಹಾಗೆಂದವನು ಎದೆಯನ್ನು ಮುಂದೆ ಮಾಡಿ, ಗಲ್ಲ ಎತ್ತಿ, ಎಕ್ಸ್‌ರೇ ತಟ್ಟೆಗೆ ಒರಗಿದ ರೋಗಿಯಂತೆ ನೆಟ್ಟಗಾದ. ಎಷ್ಟೋ ಸಾವಿರ ಜನಕ್ಕೆ ಹೇಳಿದ್ದನ್ನು ಮೊದಲ ಸಲ ತನಗೇ ಹೇಳಿಕೊಂಡ. ಉಸಿರು ಎಳ್ಕೋ. ಹಿಡ್ಕೋ, ಅಲ್ಲಾಡಬೇಡ.

ಬೌಲರ್ ಓಡಿಬಂದ. ಹನ್ನೊಂದನೆಯವನು ಕಣ್ಣು ಮುಚ್ಚಿಯೇ ಬ್ಯಾಟು ಬೀಸಿದ. ಚೆಂಡು ಬ್ಯಾಟಿನ ಮೇಲಂಚಿಗೆ ತಾಗಿ, ವಿಕೆಟ್ ಕೀಪರನ ತಲೆಯ ಮೇಲೆ ಹಾರಿ, ನೆಲಕ್ಕೆ ಬಿದ್ದು, ಇಬ್ಬರು ಫೀಲ್ಡರುಗಳು ಒಬ್ಬರ ಮೇಲೊಬ್ಬರು ಬಿದ್ದರೂ ಸಿಗದೆ, ಪುಟಿಯುತ್ತ ಪುಟಿಯುತ್ತ ಗೆರೆ ದಾಟಿತು.

ದೇಶ ವಿಶ್ವಕಪ್ ಗೆದ್ದಿತು. ಆ ಕಟ್ಟಡದಲ್ಲಿ, ಬಹುಶಃ ಆ ಬೀದಿಯಲ್ಲೇ, ಆ ಗಳಿಗೆಯಲ್ಲಿ ಅದು ಗೊತ್ತಿದ್ದವನು ಒಬ್ಬನೇ. ಅವನು ಕೂಗಲಿಲ್ಲ. ಕುಣಿಯಲಿಲ್ಲ. ರೆಪ್ಪೆಯನ್ನೂ ಬಡಿಯಲಿಲ್ಲ. ಅವನ ಮುಖ ಟೊಮೇಟೊ ಬಣ್ಣದಿಂದ ಬದನೆಕಾಯಿ ಬಣ್ಣಕ್ಕೆ ತಿರುಗುವುದನ್ನು ಹೆಂಡತಿ ಬಾಯಿ ಮೇಲೆ ಕೈಯಿಟ್ಟು ನೋಡಿದಳು. ಮದುವೆಯಾದಾಗಿನಿಂದ ಈ ಮನುಷ್ಯನ ಮೇಲೆ ಇಷ್ಟು ಹೆಮ್ಮೆ ಅವಳಿಗೆ ಬಂದಿರಲಿಲ್ಲ. ಈಗ ಕೆಳಗೆ ಅಜ್ಜಿ ನೋಡುತ್ತಿರಬೇಕು, ಈಗ ಚೆಂಡು ಹಾರಿರಬೇಕು, ಈಗ ಗೆರೆ ದಾಟಿರಬೇಕು ಎಂದು ಎಕ್ಸ್‌ರೇ ಎಣಿಸುತ್ತ ಕೂತ.

ಅರ್ಧ ನಿಮಿಷ ಕಳೆದದ್ದೇ ತಡ, ಬೀದಿಗೆ ಬೀದಿಯೇ ಸಿಡಿಯಿತು. ಎದುರಿನ ಕಟ್ಟಡ, ಮೂಲೆಯ ಚಹಾದಂಗಡಿ, ಹಿಂದಿನ ಗಲ್ಲಿ, ಎಲ್ಲ ಕಡೆಯಿಂದ ಒಂದೇ ಸಲಕ್ಕೆ ಆರ್ಭಟ. ಕಾರುಗಳು ಹಾರ್ನ್ ಒತ್ತಿದವು. ಎಕ್ಸ್‌ರೇ ಬಾಯಿ ತೆರೆದು ತನ್ನ ಜೀವಮಾನದ ಕೂಗನ್ನು ಹೊರಬಿಟ್ಟ. ಹೊರಟದ್ದು ಎಣ್ಣೆ ಕಾಣದ ಬಾಗಿಲಿನ ಸದ್ದು. ದಿನವಿಡೀ ದಿಂಬಿನೊಳಗೆ ಕೂಗಿ ಕೂಗಿ ಗಂಟಲು ಎಂದೋ ಕೈಕೊಟ್ಟಿತ್ತು.

ಆಗ ಅವನಿಗೆ ಇನ್ನೊಂದು ವಿಷಯ ಹೊಳೆಯಿತು. ಲೋಕವೆಲ್ಲ ಕೂಗುತ್ತಿದೆ, ಆದರೆ ತನ್ನ ಕಾಲ ಕೆಳಗಿನ ಮನೆಯಲ್ಲಿ ಮಾತ್ರ ಸೂಜಿ ಬಿದ್ದರೂ ಕೇಳುವಷ್ಟು ಮೌನ.

ಅಜ್ಜಿಗೇನಾದರೂ ಆಯಿತೋ ಎಂದು ಎರಡೆರಡು ಮೆಟ್ಟಿಲು ಹಾರುತ್ತ ಇಳಿದು ಮೇಷ್ಟ್ರ ಮನೆಗೆ ನುಗ್ಗಿದ. ಕಟ್ಟಡದವರೆಲ್ಲ ಅಲ್ಲಿದ್ದರು. ದೊಡ್ಡ ಪರದೆ ಕಪ್ಪಗಿತ್ತು. ಮೇಷ್ಟ್ರು ರಿಮೋಟಿನ ಗುಂಡಿಗಳನ್ನು ಒಂದಾದ ಮೇಲೊಂದು ಒತ್ತುತ್ತಿದ್ದರು. ಹೊಸ ಕಾಲದ ಟಿ.ವಿ.; ಒಮ್ಮೆ ಮಲಗಿದರೆ ಎದ್ದು ಕಣ್ಣುಜ್ಜಿಕೊಳ್ಳಲು ಅದಕ್ಕೆ ತನ್ನದೇ ಸಮಯ ಬೇಕು. ಒಳಗೆ ಬಂದ ಎಕ್ಸ್‌ರೇಯ ಕಡೆ ಎಲ್ಲರೂ ಕೊಲೆಗಾರನನ್ನು ನೋಡುವಂತೆ ನೋಡಿದರು.

“ಯಾಕೆ ಆಫ್ ಮಾಡಿದ್ರಿ?” ಎಂದು ಎಕ್ಸ್‌ರೇ ಪಿಸುಗುಟ್ಟಿದ. ಅವನಿಂದಾಗುತ್ತಿದ್ದದ್ದು ಅಷ್ಟೇ.

“ಯಾಕೆ ಅಂತ ಕೇಳ್ತೀಯಾ?” ಎಂದರು ಮೇಷ್ಟ್ರು. “ಇಡೀ ದಿನ ನಿನ್ನ ಮನೆಯಿಂದ ಸದ್ದು ಬಂದ್ರೆ ನಮಗೆ ಒಳ್ಳೇದು, ಸದ್ದಿಲ್ಲ ಅಂದ್ರೆ ಕೆಟ್ಟದ್ದು. ಒಂದು ಸಲಾನಾದ್ರೂ ತಪ್ಪಿದೆಯಾ? ತಂಬಿಗೆ ಉರುಳಿದಾಗ್ಲೇ ನಾನು ಇದನ್ನ ಗಮನಿಸಿದೆ. ಆಮೇಲೆ ಬೌಂಡರಿ ಬೌಂಡರಿಗೂ ತಾಳೆ ನೋಡಿದೆ. ಅದು ಸಿದ್ಧವಾದ ಪ್ರಮೇಯ.”

“ನಿಮ್ಮ ಸದ್ದು ಸರಿಯಾಗಿ ಕೇಳಲಿ ಅಂತ ಟಿ.ವಿ. ಸೌಂಡ್ ಬೇರೆ ತೆಗೆದಿದ್ವಿ ಅಣ್ಣ,” ಎಂದ ಟೈಲರ್ ಅಳುವ ದನಿಯಲ್ಲಿ. “ಕೊನೇ ಬಾಲಿಗೆ ಎಲ್ರೂ ಸೂರು ನೋಡ್ತಾ ಕೂತಿದ್ವಿ. ಸೂರು ಗಪ್‌ಚುಪ್.”

“ಇಲ್ಲಿ ಬೌಲರ್ ಇನ್ನೂ ಓಡೋಕೇ ಶುರು ಮಾಡಿರಲಿಲ್ಲ,” ಎಂದರು ಮೇಷ್ಟ್ರು. “ಸೋಲೋದನ್ನ ಕಣ್ಣಾರೆ ನೋಡೋ ಶಕ್ತಿ ಯಾರಿಗೂ ಇರಲಿಲ್ಲ. ನಾನೇ ಆಫ್ ಮಾಡಿದೆ.”

ಎಕ್ಸ್‌ರೇ ಅಜ್ಜಿಯ ಕಡೆ ತಿರುಗಿದ. “ಅಜ್ಜೀ, ನೀವೇ ತಾನೇ ಹೇಳಿದ್ದು? ಕೊನೇ ಬಾಲ್ ನನ್ನ ಕಣ್ಣಿಗೆ ಬಿಡು ಅಂತ?”

“ಹೇಳಿದ್ದೆ ಕಣೋ,” ಎಂದಳು ಅಜ್ಜಿ. “ಆದ್ರೆ ಹೇಳಿದ ಮಾತನ್ನ ನೀನು ಕೇಳ್ತೀಯ ಅಂತ ಯಾರು ಕಂಡಿದ್ರು?”

ಅಷ್ಟರಲ್ಲಿ ಪರದೆ ಬೆಳಗಿತು. ಕುಂಟುತ್ತಿದ್ದ ಹನ್ನೊಂದನೆಯವನನ್ನು ಹತ್ತು ಜನ ಹೆಗಲ ಮೇಲೆ ಹೊತ್ತು ಮೈದಾನ ಸುತ್ತುತ್ತಿದ್ದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಗೆದ್ವಲ್ಲೋ,” ಎಂದಳು. ಅದನ್ನು ಕೇಳಿದ್ದೇ ಮನೆ ಮನೆಯಾಗಿ ಉಳಿಯಲಿಲ್ಲ. ಮೇಷ್ಟ್ರು ಟೈಲರನನ್ನು ಅಪ್ಪಿಕೊಂಡರು. ಯಾರೋ ಎಕ್ಸ್‌ರೇಯ ಬೆನ್ನಿಗೆ ಗುದ್ದಿದರು; ಅದು ಸಿಟ್ಟಿನದೋ ಸಂತೋಷದ್ದೋ ಗೊತ್ತಾಗುವ ಮೊದಲೇ ಇನ್ನೊಬ್ಬರು ಅವನ ಕೆನ್ನೆಗೆ ಮುತ್ತಿಟ್ಟರು.

“ಎಲ್ಲರಿಗಿಂತ ಮುಂಚೆ ಗೆದ್ದವನು ಇವನೇ, ಎತ್ಕೊಳ್ರೋ ಇವನನ್ನ,” ಎಂದು ಮೇಷ್ಟ್ರು ಆಜ್ಞೆ ಮಾಡಿದರು.

ಮರುಗಳಿಗೆಯಲ್ಲಿ ಎಕ್ಸ್‌ರೇ ಜನರ ಹೆಗಲ ಮೇಲೆ ಏರಿ ಬೀದಿಯಲ್ಲಿದ್ದ. ಅವನು ಕಂಡಷ್ಟು ದೂರಕ್ಕೂ ತಲೆಗಳು, ದೀಪಗಳು, ಕುಣಿತ. ಗುರುತಿಲ್ಲದವರು ಗುರುತಿಲ್ಲದವರನ್ನು ತಬ್ಬಿಕೊಳ್ಳುತ್ತಿದ್ದರು. ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿಕೊಂಡು ಬಂದಿದ್ದರು. ಅವಳು ಮಹಾರಾಣಿಯಂತೆ ಕೈ ಬೀಸುತ್ತಿದ್ದಳು. ಎಕ್ಸ್‌ರೇಯ ಕಣ್ಣು ತುಂಬಿ ಬಂತು. ಬದುಕಿನಲ್ಲಿ ಒಂದು ಸಲ ತುಟಿ ಬಿಗಿಹಿಡಿದದ್ದಕ್ಕೆ ಇಷ್ಟು ದೊಡ್ಡ ಮೆರವಣಿಗೆ ಸಿಕ್ಕಿತಲ್ಲ ಎಂದುಕೊಂಡ.

ಆಗ ಕಟ್ಟಡದ ಗೇಟಿನಿಂದ ದೊಡ್ಡ ಜಯಕಾರ ಕೇಳಿಸಿತು. ಟೈಲರನ ಬಾವುಟ ಹೊರಗೆ ಬರುತ್ತಿತ್ತು. ನಿಜಕ್ಕೂ ಜೋಡಿ ಮಂಚದ ಹೊದಿಕೆಗಿಂತ ದೊಡ್ಡದು. ಇಷ್ಟು ಭಾರದ ಬಟ್ಟೆ ಒಂದಿಷ್ಟೂ ಜೋಲುಬೀಳದೆ, ಇಸ್ತ್ರಿ ಮಾಡಿ ಗೋಡೆಗೆ ಅಂಟಿಸಿದಂತೆ ನೆಟ್ಟಗೆ ಹರಡಿ ನಿಂತಿತ್ತು. ಇಷ್ಟು ಚೆಂದ ಹೇಗೆ ನಿಂತಿದೆ ಎಂದು ಎಕ್ಸ್‌ರೇ ಕಣ್ಣು ಕಿರಿದು ಮಾಡಿ ನೋಡಿದ. ಬಟ್ಟೆಯ ಹಿಂದೆ ಎಡಕ್ಕೂ ಬಲಕ್ಕೂ ಅಡ್ಡಕಡ್ಡಿಗಳಿದ್ದವು, ಮೀನಿನ ಮುಳ್ಳಿನಂತೆ. ಕೋಲು ಎರಡಾಳು ಎತ್ತರವಿತ್ತು. ಬುಡದಲ್ಲಿ ಕತ್ತರಿಸಿದ ತಂತಿಗಳು ಜೋತಾಡುತ್ತಿದ್ದವು.

“ಕೊನೇಗೂ ತಕ್ಕ ಕೋಲು ಸಿಕ್ತು ಅಣ್ಣ,” ಎಂದು ಟೈಲರ್ ಕೆಳಗಿನಿಂದ ಕೂಗಿದ. “ಅಳತೆ ಮಾಡಿಸಿದ ಹಾಗಿದೆ.”

ಅಲ್ಲಿಯವರೆಗೆ ಕೈಕೊಟ್ಟಿದ್ದ ಎಕ್ಸ್‌ರೇಯ ಗಂಟಲಿಗೆ ಆ ಗಳಿಗೆಯಲ್ಲಿ ಜೀವ ಬಂತು.

“ಆಂಟೆನಾ! ನನ್ನ ಆಂಟೆನಾ!”

ಜನ ಏನಾದರೊಂದು ಘೋಷಣೆಗಾಗಿ ಕಾಯುತ್ತಿದ್ದರು. ಹೊತ್ತವರು ಮೊದಲು ಹಿಡಿದರು, ಅವರ ಹಿಂದಿನವರು, ಅವರ ಹಿಂದೆ ಇಡೀ ಬೀದಿ: “ಆಂಟೆನಾ! ಆಂಟೆನಾ!” ಎದುರಿನ ಕಟ್ಟಡದ ಬಾಲ್ಕನಿಗಳಿಂದಲೂ ಅದೇ ಮಾರ್ದನಿ. ಎಕ್ಸ್‌ರೇ ಕೈ ಬೀಸಿ ಬೇಡ ಬೇಡ ಎಂದಷ್ಟೂ ಅವರು ಅದೇ ತಾಳಕ್ಕೆ ಕೈ ಬೀಸಿ ಕೂಗಿದರು. ಎರಡನೆಯ ಮಹಡಿಯ ಕಿಟಕಿಯಲ್ಲಿ ದಿಂಬು ಹಿಡಿದು ನಿಂತಿದ್ದ ಒಬ್ಬಳು ಮಾತ್ರ ಆ ಮುಖ ನೋಡಿ, ಇದು ಗೆದ್ದವನ ಕೂಗಲ್ಲ ಎಂದು ತಿಳಿದುಕೊಂಡಳು. ಅವಳಿಗೆ ಗಂಡ ಗೊತ್ತು.

ಮೇಷ್ಟ್ರು ಹೇಗೋ ನುಸುಳಿ ಬಂದು ಎಕ್ಸ್‌ರೇಯ ಕಾಲನ್ನು ಪ್ರೀತಿಯಿಂದ ತಟ್ಟಿದರು.

“ಆ ಕಂಬಿ ಹೋಯ್ತು ಅಂತ ಚಿಂತೆ ಮಾಡ್ಬೇಡಪ್ಪ. ನಾಳೆ ಬೆಳಿಗ್ಗೇನೇ ನಿಮ್ಮನೇಗೂ ನಮ್ಮ ಇಂಟರ್ನೆಟ್ ಲೈನು ಎಳೆಸ್ತೀನಿ. ಇನ್ನು ಮೇಲೆ ನೀನೂ ನಮ್ಮ ಜೊತೇಲೇ ಕೂಗಬಹುದು.”

ಎಕ್ಸ್‌ರೇ ಬಾವುಟದ ಕಡೆ ನೋಡಿದ. ಅವನೇ ಅಳೆದು, ಕೊಯ್ದು, ಉಜ್ಜಿದ ಕಡ್ಡಿಗಳ ಮೇಲೆ ಅದು ಊರಿನ ಯಾವ ಬಾವುಟಕ್ಕಿಂತಲೂ ಎತ್ತರದಲ್ಲಿ, ಒಂದು ಸುಕ್ಕೂ ಇಲ್ಲದೆ ಸಾಗುತ್ತಿತ್ತು. ಅವನು ಉಸಿರನ್ನು ಉದ್ದಕ್ಕೆ ಎಳೆದುಕೊಂಡ. ಒಂದು ಕ್ಷಣ ಹಿಡಿದ. ಆಮೇಲೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳುವ ಮೂರನೆಯ ಮಾತನ್ನು ತನಗೂ ಹೇಳಿಕೊಂಡು, ಬೀದಿಯವರೊಂದಿಗೆ ತಾನೂ ದನಿಗೂಡಿಸಿದ.

“ಆಂಟೆನಾ!”

ಸ್ವಲ್ಪ ತಡವಾಯಿತು. ಎಲ್ಲರಿಗಿಂತ ಸರಿಯಾಗಿ ಒಂದು ಬಾಲ್ ಹಿಂದೆ.